ಕಡಲಿನ ಕಂಪ್ಯೂಟರ್ ಮಾದರಿ: ಅಂಕಿಯ ಜೊತೆ ಷರತ್ತನ್ನೂ ಮುದ್ರಿಸಿ

ಮಾನ್ಯ ಸಂಪಾದಕರೇ,

ಸಮುದ್ರಜೀವಿಗಳ ಭವಿಷ್ಯದ ಕುರಿತು ಕಂಪ್ಯೂಟರ್ ಮಾದರಿಗಳು ನೀಡುವ ಅಂದಾಜುಗಳು ಈಗ ಪತ್ರಿಕೆಗಳಲ್ಲಿ ಆಗಾಗ ಸುದ್ದಿಯಾಗುತ್ತಿವೆ. ಬಹುತೇಕ ಸಂದರ್ಭಗಳಲ್ಲಿ ಆ ಸುದ್ದಿ ಒಂದೇ ಒಂದು ಅಂಕಿಯ ರೂಪದಲ್ಲಿ ಬರುತ್ತದೆ: ಈ ಶತಮಾನದ ಅಂತ್ಯಕ್ಕೆ ಕಡಲಿನ ಪ್ರಾಣಿಗಳು ಶೇಕಡಾ ಇಷ್ಟು ಕಡಿಮೆಯಾಗಲಿವೆ ಎಂದು. ಓದಿದವರಲ್ಲಿ ಕೆಲವರು ಅದನ್ನು ಆಗಿಯೇ ತೀರುವ ಸಂಗತಿಯೆಂದು ನಂಬುತ್ತಾರೆ. ಇನ್ನು ಕೆಲವರು, ನಾಳೆಯ ಮಳೆಯನ್ನೇ ಖಚಿತವಾಗಿ ಹೇಳಲಾಗದವರು 2100ನೇ ಇಸವಿಯ ಮೀನನ್ನು ಎಣಿಸಲು ಹೊರಟಿದ್ದಾರೆಯೇ ಎಂದು ಪುಟ ಮಗುಚುತ್ತಾರೆ. ಎರಡೂ ತಪ್ಪು ಗ್ರಹಿಕೆಗಳೇ. ಇದಕ್ಕೆ ಓದುಗರನ್ನು ದೂರಿ ಪ್ರಯೋಜನವಿಲ್ಲ. ಅಂಕಿಯ ಜೊತೆಯಲ್ಲೇ ಇರಬೇಕಾದ ಷರತ್ತುಗಳು ಅಚ್ಚಿಗೆ ಹೋಗುವಷ್ಟರಲ್ಲಿ ಕಳಚಿಹೋಗಿರುತ್ತವೆ. ಈ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಬರೆಯಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

2019ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಿಯತಕಾಲಿಕದಲ್ಲಿ ಪ್ರಕಟವಾದ ಅಧ್ಯಯನವೊಂದನ್ನೇ ತೆಗೆದುಕೊಳ್ಳೋಣ. ಬೇರೆ ಬೇರೆ ತಂಡಗಳು ಕಟ್ಟಿದ್ದ ಆರು ಜಾಗತಿಕ ಸಾಗರ ಮಾದರಿಗಳಿಗೆ ಒಂದೇ ಬಗೆಯ ಹವಾಮಾನ ಮಾಹಿತಿಯನ್ನು ಕೊಟ್ಟು, ಅವು ನೀಡಿದ ಉತ್ತರಗಳನ್ನು ಅಲ್ಲಿ ಅಕ್ಕಪಕ್ಕ ಇಟ್ಟು ನೋಡಲಾಯಿತು. ಹಸಿರುಮನೆ ಅನಿಲಗಳ ಹೊರಸೂಸುವಿಕೆ ಬೇಗನೆ ತಗ್ಗಿದರೆ 2100ರ ವೇಳೆಗೆ ಕಡಲಿನ ಪ್ರಾಣಿಗಳ ಒಟ್ಟು ತೂಕ ಸರಾಸರಿ ಶೇ 5ರಷ್ಟು ಕುಗ್ಗುತ್ತದೆ, ಏರುತ್ತಲೇ ಹೋದರೆ ಶೇ 17ರಷ್ಟು ಕುಗ್ಗುತ್ತದೆ ಎಂಬುದು ಅದರ ಫಲಿತಾಂಶ. ಆದರೆ ಈ 17ರ ಜೊತೆಗೆ, ಮಾದರಿಗಳ ನಡುವಿನ ಭಿನ್ನತೆಯನ್ನು ಸೂಚಿಸುವ ಮೇಲೆ ಕೆಳಗೆ 11 ಶೇಕಡಾವಾರು ಅಂಶಗಳ ಏರಿಳಿತವನ್ನೂ ಸಂಶೋಧಕರು ಸ್ಪಷ್ಟವಾಗಿ ನಮೂದಿಸಿದ್ದರು. ಉಷ್ಣವಲಯದ ಮತ್ತು ಮಧ್ಯ ಅಕ್ಷಾಂಶಗಳ ಕಡಲಿನಲ್ಲಿ ಇಳಿಕೆ, ಧ್ರುವಗಳ ಕಡೆಗೆ ಏರಿಕೆ ಎಂಬ ದಿಕ್ಕಿನ ವಿಷಯದಲ್ಲಿ ಮಾದರಿಗಳಿಗೆ ಒಮ್ಮತವಿತ್ತು. ಎಷ್ಟು ಎಂಬಲ್ಲಿ ಇರಲಿಲ್ಲ. ಆಹಾರ ಸರಪಳಿಯಲ್ಲಿ ಮೇಲಕ್ಕೆ ಹೋದಂತೆ ನಷ್ಟ ಹೆಚ್ಚುತ್ತದೆ, ಅಂದರೆ ಸಣ್ಣ ಜೀವಿಗಳಿಗಿಂತ ದೊಡ್ಡ ಮೀನುಗಳಿಗೆ ಪೆಟ್ಟು ಜಾಸ್ತಿ ಎಂಬುದೂ ಅಲ್ಲಿಯೇ ಇತ್ತು. ಎರಡು ವರ್ಷಗಳ ನಂತರ ಹೊಸ ತಲೆಮಾರಿನ ಹವಾಮಾನ ಮಾದರಿಗಳೊಂದಿಗೆ ಲೆಕ್ಕವನ್ನು ಮತ್ತೆ ಮಾಡಿದಾಗ ಇಳಿಕೆ ಇನ್ನಷ್ಟು ತೀವ್ರವಾಗಿ ಕಂಡಿತು. ಇಷ್ಟರಲ್ಲಿ ಶೀರ್ಷಿಕೆಗೆ ದಾಟುವುದು 17 ಎಂಬ ಒಂದು ಅಂಕಿ ಮಾತ್ರ. ನನ್ನ ದೃಷ್ಟಿಯಲ್ಲಿ ನಿಜವಾದ ಸುದ್ದಿ ಇರುವುದು 5 ಮತ್ತು 17ರ ನಡುವಿನ ಅಂತರದಲ್ಲಿ, ಏಕೆಂದರೆ ಆ ಅಂತರವನ್ನು ನಿರ್ಧರಿಸುವವರು ಮನುಷ್ಯರು.

ಮಾದರಿ ಎಂದರೆ ಯಂತ್ರ ತಾನಾಗಿ ಮಾಡುವ ಊಹೆಯಲ್ಲ. ನಮಗೆ ಗೊತ್ತಿರುವುದನ್ನು ಸಮೀಕರಣಗಳಲ್ಲಿ ಬರೆದು, ಅದು ನಿಜವಾಗಿದ್ದರೆ ಮುಂದೆ ಏನಾಗಬೇಕು ಎಂಬುದನ್ನು ಬಿಗಿಯಾಗಿ ಲೆಕ್ಕಹಾಕುವ ವಿಧಾನವದು, ಮತ್ತು ಅದು ಕಂಪ್ಯೂಟರಿಗಿಂತಲೂ ಹಳೆಯದು. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನುಗಾರಿಕೆ ಬಹಳ ಕುಗ್ಗಿತ್ತು. ಇಟಲಿಯ ಪ್ರಾಣಿವಿಜ್ಞಾನಿ ಉಂಬೆರ್ತೊ ದಾಂಕೋನ ಬಂದರು ಮಾರುಕಟ್ಟೆಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಫಿಯುಮೆ ಬಂದರಿನಲ್ಲಿ 1914ರಲ್ಲಿ ಸುಮಾರು ಶೇ 12ರಷ್ಟಿದ್ದ ಶಾರ್ಕ್, ತೊರಕೆಗಳಂಥ ಬೇಟೆಗಾರ ಮೀನುಗಳ ಪಾಲು 1918ರಲ್ಲಿ ಶೇ 36ಕ್ಕೆ ಏರಿದ್ದು ಕಂಡಿತು. ಬಲೆಗಳು ನಿಂತರೆ ಎಲ್ಲ ಮೀನುಗಳಿಗೂ ಸಮನಾಗಿ ಲಾಭವಾಗಬೇಕಲ್ಲವೇ, ಬೇಟೆಗಾರರಿಗೇ ಏಕೆ ಹೆಚ್ಚು ಎಂಬ ಅವರ ಪ್ರಶ್ನೆಯನ್ನು ಅವರ ಮಾವ, ಗಣಿತಜ್ಞ ವೀತೋ ವೋಲ್ತೆರಾ ಕೈಗೆತ್ತಿಕೊಂಡು, ತಿನ್ನುವ ಮೀನಿಗೊಂದು ಮತ್ತು ತಿನ್ನಿಸಿಕೊಳ್ಳುವ ಮೀನಿಗೊಂದು ಸಮೀಕರಣ ಬರೆದು 1926ರಲ್ಲಿ ಉತ್ತರ ಪ್ರಕಟಿಸಿದರು. ಎರಡೂ ಬಗೆಯ ಮೀನುಗಳನ್ನು ಒಟ್ಟಿಗೆ ಹಿಡಿಯುವುದನ್ನು ಕಡಿಮೆ ಮಾಡಿದರೆ ಬೇಟೆಗಾರರ ಸರಾಸರಿ ಸಂಖ್ಯೆ ಏರುತ್ತದೆ, ಬೇಟೆಯಾಗುವವುಗಳದು ಇಳಿಯುತ್ತದೆ. ಸಾಮಾನ್ಯ ಬುದ್ಧಿಗೆ ಹೊಳೆಯದ ಈ ಮಾತನ್ನು ಎರಡೇ ಎರಡು ಸಾಲಿನ ಗಣಿತ ತೋರಿಸಿಕೊಟ್ಟಿತು.

ಇಂದಿನ ಮಾದರಿಗಳು ಇದೇ ವಿಧಾನದ ಬೆಳೆದ ರೂಪ. ಕಡಲನ್ನು ಉದ್ದ, ಅಗಲ, ಆಳಗಳಲ್ಲಿ ಸಣ್ಣ ಸಣ್ಣ ಕೋಣೆಗಳಾಗಿ ವಿಭಜಿಸಿ, ಪ್ರತಿ ಕೋಣೆಯಲ್ಲೂ ಬೆಳಕು ಎಷ್ಟು, ಉಷ್ಣತೆ ಎಷ್ಟು, ಪೋಷಕಾಂಶ ಎಷ್ಟು, ಅದನ್ನು ಹೀರಿ ಬೆಳೆಯುವ, ಸಸ್ಯದಂಥ ತೇಲುವ ಸೂಕ್ಷ್ಮಜೀವಿಗಳಾದ ಸಸ್ಯಪ್ಲವಕಗಳೆಷ್ಟು, ಅವುಗಳನ್ನು ಮೇಯುವ ಸಣ್ಣ ತೇಲುಪ್ರಾಣಿಗಳಾದ ಪ್ರಾಣಿಪ್ಲವಕಗಳೆಷ್ಟು, ಸತ್ತು ಕೆಳಗಿಳಿದದ್ದೆಷ್ಟು ಎಂದು ಜಮಾಖರ್ಚಿನ ಪುಸ್ತಕದಂತೆ ಲೆಕ್ಕ ಇಡಲಾಗುತ್ತದೆ. ಭೂಮಿಯ ಮೇಲಿನ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಸರಿಸುಮಾರು ಅರ್ಧವನ್ನು ನಡೆಸುವುದು ಕಣ್ಣಿಗೆ ಕಾಣದ ಈ ಸಸ್ಯಪ್ಲವಕಗಳೇ ಆದ್ದರಿಂದ, ಅವುಗಳ ಲೆಕ್ಕ ತಪ್ಪಿದರೆ ಮುಂದಿನ ಪುಟಗಳೆಲ್ಲ ತಪ್ಪುತ್ತವೆ. ಇನ್ನೊಂದು ಬಗೆಯ ಮಾದರಿಗಳು ಆಹಾರ ಜಾಲವನ್ನೇ ಕೇಂದ್ರವಾಗಿಸಿಕೊಂಡಿವೆ. ಹವಾಯಿ ದ್ವೀಪಸಮೂಹದ ಹವಳದ ದಿಬ್ಬವೊಂದರಲ್ಲಿ ಯಾರು ಯಾರನ್ನು ಎಷ್ಟು ತಿನ್ನುತ್ತಾರೆ ಎಂದು ತಾಳೆ ನೋಡಲು ಜೆಫ್ರಿ ಪೊಲೊವಿನಾ 1980ರ ದಶಕದ ಆರಂಭದಲ್ಲಿ ರೂಪಿಸಿದ ಇಕೋಪಾಥ್, ಈಗ ಜಗತ್ತಿನ ಹಲವು ಕಡಲುಗಳ ಅಧ್ಯಯನದಲ್ಲಿ ಬಳಕೆಯಲ್ಲಿದೆ.

ಪ್ರಯೋಗಾಲಯದಲ್ಲಿ ಒಂದು ಪಾತ್ರೆಗೆ ಔಷಧ ಹಾಕಿ ಇನ್ನೊಂದಕ್ಕೆ ಹಾಕದೆ ಹೋಲಿಸಬಹುದು. ಸಾಗರ ಇರುವುದು ಒಂದೇ. ಬಿಸಿಯಾಗದ ಕಡಲು, ಬಲೆ ಬೀಸದ ಕಡಲು ಹೇಗಿರುತ್ತಿತ್ತು ಎಂದು ಪಕ್ಕದಲ್ಲಿಟ್ಟು ನೋಡಲು ಮಾದರಿಯ ಹೊರತು ಬೇರೆ ದಾರಿಯಿಲ್ಲ. ಅಮೆರಿಕದ ಎಂಐಟಿ ಸಂಸ್ಥೆಯ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಒಂದು ಪ್ರಯತ್ನ ಈ ದೃಷ್ಟಿಯಿಂದ ನನಗೆ ಬಹಳ ಮೆಚ್ಚುಗೆಯಾದದ್ದು. ಯಾವ ಪ್ಲವಕ ಎಲ್ಲಿ ಬದುಕುತ್ತದೆ ಎಂದು ಅವರು ಮೊದಲೇ ಬರೆದಿಡಲಿಲ್ಲ. ಗುಣಲಕ್ಷಣಗಳನ್ನು ಹೆಚ್ಚಾಗಿ ಯಾದೃಚ್ಛಿಕವಾಗಿ ಹಂಚಿದ 78 ಬಗೆಯ ಸಸ್ಯಪ್ಲವಕಗಳನ್ನು ಮಾದರಿಯ ಕಡಲಿನಲ್ಲಿ ಬಿಟ್ಟು, ಪೈಪೋಟಿಯಲ್ಲಿ ಉಳಿಯುವವು ಉಳಿಯಲಿ ಎಂದು ಕಾದರು. ನಿಜವಾದ ಸಾಗರದಲ್ಲಿ ಕಾಣುವ ಹಂಚಿಕೆಯನ್ನು ಬಹುಮಟ್ಟಿಗೆ ಹೋಲುವ ಹಂಚಿಕೆ ತಾನಾಗಿ ಮೂಡಿತು.

ನಿಜವಾದ ಕಡಲಿಗೆ ಹೊಂದದೆ ಹೋದಾಗಲೂ ಲೆಕ್ಕ ಕಲಿಸುತ್ತದೆ. ಅಂಟಾರ್ಕ್ಟಿಕಾದ ಸುತ್ತಲಿನ ಕಡಲಿನಲ್ಲಿ ಸಾರಜನಕದ ಪೋಷಕಾಂಶ ಧಾರಾಳವಾಗಿದ್ದರೂ ಸಸ್ಯಪ್ಲವಕ ನಿರೀಕ್ಷಿಸಿದಷ್ಟಿಲ್ಲ. ಸಾರಜನಕವೊಂದನ್ನೇ ಎಣಿಸುವ ಲೆಕ್ಕ ಇದನ್ನು ವಿವರಿಸಲಾರದು. ಕೊರತೆ ಇರುವುದು ಕಬ್ಬಿಣದ್ದು ಎಂದು ಅಮೆರಿಕದ ಸಾಗರವಿಜ್ಞಾನಿ ಜಾನ್ ಮಾರ್ಟಿನ್ 1980ರ ದಶಕದ ಕೊನೆಯಲ್ಲಿ ವಾದಿಸಿದರು. 1993ರಲ್ಲಿ ಸಮಭಾಜಕ ಪೆಸಿಫಿಕ್‌ನಲ್ಲಿ, ಇಂಥದೇ ಒಗಟಿನ ಇನ್ನೊಂದು ಕಡಲಿನಲ್ಲಿ, ನೀರಿಗೆ ನಿಜವಾಗಿಯೂ ಕಬ್ಬಿಣ ಬೆರೆಸಿ ನೋಡಿದಾಗ ಪ್ಲವಕಗಳು ಹೆಚ್ಚಿದವು. ಇಂದಿನ ಬಹುತೇಕ ಜಾಗತಿಕ ಮಾದರಿಗಳಲ್ಲಿ ಕಬ್ಬಿಣದ ಲೆಕ್ಕವೂ ಇರುತ್ತದೆ.

ಆದರೆ ಮಾದರಿಯನ್ನು ಪ್ರಶ್ನಿಸದೆ ನಂಬಿದರೆ ಆಗುವ ಅನಾಹುತವನ್ನೂ ಮರೆಯುವಂತಿಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯ ಕಾಡ್ ಮೀನಿನ ಕಥೆಯನ್ನು ಈ ಕ್ಷೇತ್ರದವರು ಇಂದಿಗೂ ನೋವಿನಿಂದ ನೆನೆಯುತ್ತಾರೆ. 1980ರ ದಶಕದಲ್ಲಿ ಅಲ್ಲಿ ಎಷ್ಟು ಮೀನು ಉಳಿದಿದೆ ಎಂಬ ಸರ್ಕಾರಿ ಅಂದಾಜು, ದೊಡ್ಡ ಟ್ರಾಲರ್‌ಗಳು ಗಂಟೆಗೆ ಎಷ್ಟು ಹಿಡಿಯುತ್ತಿವೆ ಎಂಬ ಮಾಹಿತಿಯನ್ನು ಬಹುವಾಗಿ ನೆಚ್ಚಿತ್ತು. ಕಾಡ್ ಮೀನು ಕಡಿಮೆಯಾದಂತೆ ಉಳಿದವು ಕೆಲವೇ ಜಾಗಗಳಲ್ಲಿ ಒತ್ತಾಗಿ ಸೇರುತ್ತವೆ, ಟ್ರಾಲರ್‌ಗಳು ಆ ಜಾಗಗಳನ್ನು ಉಪಕರಣಗಳ ನೆರವಿನಿಂದ ಹುಡುಕಿ ಹೋಗುತ್ತವೆ. ಹೀಗಾಗಿ ಕಡಲು ಬರಿದಾಗುತ್ತಿದ್ದರೂ ಗಂಟೆಗೆ ಸಿಗುವ ಮೀನಿನ ಪ್ರಮಾಣ ಚೆನ್ನಾಗಿಯೇ ಇರುತ್ತದೆ. ದಡದ ಬಳಿ ಸಣ್ಣ ದೋಣಿಗಳಲ್ಲಿ ಹಿಡಿಯುವವರು ಮೀನು ಕಡಿಮೆಯಾಗುತ್ತಿದೆ, ಗಾತ್ರವೂ ಚಿಕ್ಕದಾಗುತ್ತಿದೆ ಎಂದು ಎಚ್ಚರಿಸುತ್ತಲೇ ಇದ್ದರು. ಅವರ ಮಾತಿಗೆ ಲೆಕ್ಕದ ಕೋಷ್ಟಕದಲ್ಲಿ ಜಾಗವಿರಲಿಲ್ಲ. 1992ರ ಜುಲೈ 2ರಂದು ಕೆನಡಾ ಸರ್ಕಾರ ಕಾಡ್ ಮೀನುಗಾರಿಕೆಯನ್ನು ನಿಷೇಧಿಸಿದಾಗ ಮೂವತ್ತು ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಎರಡು ವರ್ಷಕ್ಕೆಂದು ಹೇಳಿದ ಆ ನಿಷೇಧ ದಶಕಗಳ ಕಾಲ ಮುಂದುವರಿಯಿತು. ಇಲ್ಲಿ ಗಣಿತ ಸುಳ್ಳಾಗಿರಲಿಲ್ಲ. ಅದಕ್ಕೆ ಕೊಟ್ಟ ಮಾಹಿತಿ ಒಂದು ಕಡೆಗೆ ವಾಲಿತ್ತು, ಅದರ ಅನಿಶ್ಚಿತತೆಯನ್ನು ನಿರ್ಧಾರ ಮಾಡುವವರು ಗಂಭೀರವಾಗಿ ಪರಿಗಣಿಸಲಿಲ್ಲ.

ಅಂಥ ಕತ್ತಲೆಯ ಮೂಲೆಗಳು ಇಂದಿಗೂ ಇವೆ. 200ರಿಂದ 1,000 ಮೀಟರ್ ಆಳದ ಮಬ್ಬು ಬೆಳಕಿನ ಪದರದಲ್ಲಿ ಬದುಕುವ ಸಣ್ಣ ಮೀನುಗಳ ಒಟ್ಟು ತೂಕ, ಬಲೆಗಳ ಆಧಾರದ ಮೇಲೆ 1980ರಲ್ಲಿ ಮಾಡಿದ ಅಂದಾಜಿನಂತೆ ಸುಮಾರು 100 ಕೋಟಿ ಟನ್. ಸ್ಪೇನಿನ ಮಾಲಾಸ್ಪಿನಾ ಯಾನದಲ್ಲಿ ಶಬ್ದದ ಪ್ರತಿಧ್ವನಿಯಿಂದ ಅಳೆದು 2014ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಅದು ಸುಮಾರು 1,000 ಕೋಟಿ ಟನ್. ಬಲೆ ಬಂದರೆ ಮೀನು ತಪ್ಪಿಸಿಕೊಳ್ಳುತ್ತದೆ ಎಂಬುದು ಮೊದಲ ಅಂದಾಜಿನ ದೋಷ. ಒಡಲಿನಲ್ಲಿ ಅನಿಲದ ಗುಳ್ಳೆಯುಳ್ಳ ಬೇರೆ ಜೀವಿಗಳೂ ಮೀನಿನಂತೆಯೇ ಪ್ರತಿಧ್ವನಿಸುತ್ತವೆ ಎಂಬುದು ಎರಡನೆಯದರ ತೊಡಕು. ಇವುಗಳಲ್ಲಿ ಹಲವು ರಾತ್ರಿ ಮೇಲೆ ಬಂದು ಉಂಡು, ಹಗಲು ಆಳಕ್ಕೆ ಇಳಿದು, ಇಂಗಾಲವನ್ನು ತಮ್ಮೊಂದಿಗೆ ಕೆಳಗೆ ಒಯ್ಯುತ್ತವೆ. ಹತ್ತು ಪಟ್ಟು ವ್ಯತ್ಯಾಸವಿರುವ ಈ ಅಂಕಿಯನ್ನು ಇಟ್ಟುಕೊಂಡು ಅಲ್ಲಿಗೂ ಬಲೆ ಇಳಿಸುವ ಮಾತುಗಳು ನಡೆಯುತ್ತಿರುವುದು ನನಗೆ ನಿಜವಾಗಿಯೂ ಆತಂಕ ತಂದಿದೆ.

ಕರಾವಳಿಗೆ ಸಂಬಂಧಿಸಿದ ಸುದ್ದಿಯಲ್ಲಿ ಇನ್ನೊಂದು ಎಚ್ಚರ ಬೇಕು. ಅನೇಕ ಜಾಗತಿಕ ಮಾದರಿಗಳಲ್ಲಿ ಒಂದು ಚೌಕದ ಅಗಲ ನೂರು ಕಿಲೋಮೀಟರಿನಷ್ಟಿರುತ್ತದೆ; ನದೀಮುಖ, ಕೊಲ್ಲಿ, ಪೋಷಕಾಂಶವನ್ನು ಮೇಲೆತ್ತುವ ಸುಳಿಗಳು ಅದರೊಳಗೆ ಕರಗಿಹೋಗುತ್ತವೆ. ಚೌಕದ ಅಗಲವನ್ನು ಅರ್ಧಕ್ಕಿಳಿಸಿದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ, ಕಾಲದ ಹೆಜ್ಜೆಯನ್ನೂ ಚಿಕ್ಕದಾಗಿಸಬೇಕಾಗುವುದರಿಂದ ಲೆಕ್ಕದ ಹೊರೆ ಸುಮಾರು ಎಂಟು ಪಟ್ಟಾಗುತ್ತದೆ. ಆದ್ದರಿಂದ ಇಡೀ ಭೂಗೋಳದ ಮಾದರಿಯ ಫಲಿತಾಂಶವನ್ನು ಒಂದು ಬಂದರಿನ ಭವಿಷ್ಯವೆಂದು ಬರೆಯುವುದು ಸರಿಯಲ್ಲ.

ಅವಧಿಯ ವಿಷಯವೂ ಹಾಗೆಯೇ. ಬೇಸಿಗೆಯ ಸಾಮಾನ್ಯ ಗರಿಷ್ಠಕ್ಕಿಂತ ನೀರು ಎಷ್ಟು ಡಿಗ್ರಿ ಹೆಚ್ಚು ಬಿಸಿಯಾಗಿ ಎಷ್ಟು ವಾರ ಉಳಿಯಿತು ಎಂಬುದನ್ನು ಕೂಡಿಸಿ ಹವಳಗಳಿಗೆ ಅಪಾಯ ಸೂಚಿಸುವ ವಿಧಾನವೊಂದಿದೆ. ಮೊತ್ತ 4 ದಾಟಿದರೆ ಹವಳ ಬಿಳಿಚಿಕೊಳ್ಳುವ, 8 ದಾಟಿದರೆ ವ್ಯಾಪಕವಾಗಿ ಸಾಯುವ ಸಂಭವವಿದೆ ಎಂದರ್ಥ. ಅದನ್ನು ಪ್ರತಿ ಬೇಸಿಗೆಯಲ್ಲೂ ನೀರಿಗಿಳಿದು ಪರೀಕ್ಷಿಸಬಹುದು. 2100ರ ಅಂದಾಜಿಗೆ ಆ ಅನುಕೂಲವಿಲ್ಲ. ಎರಡನ್ನೂ ಒಂದೇ ದನಿಯಲ್ಲಿ ಬರೆದರೆ ಒಂದರ ವಿಶ್ವಾಸಾರ್ಹತೆ ಇನ್ನೊಂದಕ್ಕೆ ತಾನಾಗಿ ಅಂಟಿಕೊಳ್ಳುತ್ತದೆ.

ಮಾದರಿಗಳನ್ನು ಸರಿದಾರಿಯಲ್ಲಿಡುವುದು ಅಳತೆಗಳು. ವಾಣಿಜ್ಯ ಹಡಗುಗಳ ಹಿಂದೆ ಕಟ್ಟಿ ಎಳೆಯುವ ಪ್ಲವಕ ಸಂಗ್ರಾಹಕ ಉಪಕರಣ ಉತ್ತರ ಅಟ್ಲಾಂಟಿಕ್ ವಲಯದಲ್ಲಿ 1931ರಿಂದ ದಾಖಲೆ ಒದಗಿಸುತ್ತಿದೆ. 2,000 ಮೀಟರ್ ಆಳಕ್ಕಿಳಿದು ಹತ್ತು ದಿನಕ್ಕೊಮ್ಮೆ ಮೇಲೆ ಬಂದು ಉಪಗ್ರಹಕ್ಕೆ ಮಾಹಿತಿ ರವಾನಿಸುವ ಸುಮಾರು 4,000 ಆರ್ಗೊ ತೇಲುಯಂತ್ರಗಳು ಸಾಗರಗಳಲ್ಲಿವೆ. ಆದರೆ ಅವುಗಳಲ್ಲಿ ಆಮ್ಲಜನಕ, ನೈಟ್ರೇಟ್, ಆಮ್ಲೀಯತೆ, ಕ್ಲೋರೋಫಿಲ್ ಎಲ್ಲವನ್ನೂ ಅಳೆಯುವವು ಒಂದು ಸಣ್ಣ ಭಾಗ ಮಾತ್ರ. ಹೊಸ ಸೂಪರ್ ಕಂಪ್ಯೂಟರ್ ಉದ್ಘಾಟನೆಯಾದರೆ ಮುಖಪುಟದಲ್ಲಿ ಚಿತ್ರ ಬರುತ್ತದೆ, ಅರ್ಧ ಶತಮಾನದಿಂದ ನಡೆದ ಪ್ಲವಕ ಸಮೀಕ್ಷೆಗೆ ಅನುದಾನ ನಿಂತರೆ ಒಳಪುಟದಲ್ಲೂ ಜಾಗ ಸಿಗುವುದಿಲ್ಲ. ಆ ಎರಡನೆಯ ಸುದ್ದಿಯೂ ಅಷ್ಟೇ ಮುಖ್ಯವೆಂದು ತಮ್ಮ ವಿಜ್ಞಾನ ವರದಿಗಾರರು ಪರಿಗಣಿಸಬೇಕು.

ಕೊನೆಯದಾಗಿ ಒಂದು ವಿನಂತಿ. ಇಂಥ ವರದಿಗಳನ್ನು ಪ್ರಕಟಿಸುವಾಗ ಅಂಕಿಯ ಏರಿಳಿತದ ವ್ಯಾಪ್ತಿಯನ್ನು, ಯಾವ ಸನ್ನಿವೇಶವನ್ನು ಊಹಿಸಿಕೊಂಡು ಆ ಅಂಕಿ ಬಂದಿದೆ ಎಂಬುದನ್ನು ತಪ್ಪದೆ ಸೇರಿಸಬೇಕು. ಸಾಧ್ಯವಾದಲ್ಲಿ ಆ ಮಾದರಿಯನ್ನು ಯಾವ ಅಳತೆಯೊಂದಿಗೆ ಹೋಲಿಸಿ ನೋಡಲಾಗಿದೆ ಎಂದು ಸಂಶೋಧಕರನ್ನೇ ಕೇಳಿ ಬರೆಯಬೇಕು. ಮೊದಲಿನ ಎರಡು ವಿವರಗಳು ಮೂಲ ಪ್ರಬಂಧದ ಸಾರಾಂಶದಲ್ಲಿಯೇ ಸಾಮಾನ್ಯವಾಗಿ ಸಿಗುತ್ತವೆ, ಅವುಗಳಿಗೆ ಎರಡು ಮೂರು ಸಾಲಿಗಿಂತ ಹೆಚ್ಚಿನ ಜಾಗ ಬೇಕಾಗದು.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ