ಆಚೆ ಸಾಲಿನ ಮಾತನ್ನೂ ಓದಿ: ಆಡಳಿತ ಪಕ್ಷದ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ, ನಮಸ್ಕಾರ.

ಸದನದಲ್ಲಿ ಬಹುಮತ ನಿಮ್ಮದು, ಹಾಗಾಗಿ ಈ ಮಾತನ್ನು ನಿಮಗೇ ಹೇಳಬೇಕು ಅನ್ನಿಸಿತು. ವಿರೋಧ ಪಕ್ಷದವರು ಏನಾದರೂ ಸಲಹೆ ಕೊಟ್ಟರೆ ನಿಮ್ಮ ಕಡೆಯಿಂದ ಮೊದಲು ಬರುವ ಉತ್ತರ 'ನೀವು ಅಧಿಕಾರದಲ್ಲಿದ್ದಾಗ ಏನು ಮಾಡಿದ್ರಿ?' ಅಂತ. ನೇರಪ್ರಸಾರ ನೋಡುವ ನಮಗೆ ಇದು ಬಾಯಿಪಾಠ ಆಗಿಹೋಗಿದೆ. ಯಾರೋ ಸದಸ್ಯರು ರಾತ್ರಿಯೆಲ್ಲ ಕೂತು ಮಸೂದೆ ಓದಿ, ಈ ಕಲಮಿನಲ್ಲಿ ಈ ಒಂದು ಪದ ಬದಲಾಯಿಸಿದರೆ ಜನರಿಗೆ ಅನುಕೂಲ ಅಂತ ತಿದ್ದುಪಡಿ ಕೊಟ್ಟಿರುತ್ತಾರೆ. ಅದನ್ನು ಧ್ವನಿಮತಕ್ಕೆ ಹಾಕುತ್ತಾರೆ. ನಿಮ್ಮ ಸಾಲುಗಳಿಂದ ಜೋರಾಗಿ 'ಇಲ್ಲ'. ಅಷ್ಟೇ, ಮುಗಿಯಿತು. ಕೂಗಿದವರಲ್ಲಿ ಎಷ್ಟು ಜನ ಅದನ್ನು ಓದಿದ್ದರು? ನೀವು ಓದಿದ್ರಾ?

ಇದು ನಿಮ್ಮ ಪಕ್ಷ ಒಂದರದೇ ತಪ್ಪಲ್ಲ. ಮಂತ್ರಿಗಳಲ್ಲದ ಸದಸ್ಯರು ತಂದ ಖಾಸಗಿ ಮಸೂದೆಗಳಲ್ಲಿ ಸ್ವಾತಂತ್ರ್ಯ ಬಂದಾಗಿನಿಂದ ಕಾನೂನಾದದ್ದು ಬರೀ 14, ಕೊನೆಯದು 1970ರಲ್ಲಿ. ಆಮೇಲೆ ಎಷ್ಟು ಸರ್ಕಾರಗಳು ಬಂದು ಹೋದವು ಲೆಕ್ಕ ಹಾಕಿ.

2015ರ ಏಪ್ರಿಲ್‌ನಲ್ಲಿ ಡಿಎಂಕೆಯ ತಿರುಚ್ಚಿ ಶಿವ ಅವರು ಟ್ರಾನ್ಸ್‌ಜೆಂಡರ್ ಹಕ್ಕುಗಳ ಮಸೂದೆ ತಂದಾಗ ರಾಜ್ಯಸಭೆ ಒಮ್ಮತದಿಂದ ಒಪ್ಪಿತು. ಎಷ್ಟು ಖುಷಿಯಾಗಿತ್ತು! ಲೋಕಸಭೆಯಲ್ಲಿ ಮಾತ್ರ ಅದು ದಡ ಸೇರಲೇ ಇಲ್ಲ. 2016ರಲ್ಲಿ ಸರ್ಕಾರ ತನ್ನದೇ ಮಸೂದೆ ತಂದಿತು. ಶಿವ ಅವರು ಬರೆದಿದ್ದ ಮೀಸಲಾತಿ ಅದರಲ್ಲಿ ಇರಲಿಲ್ಲ. 'ಪೂರ್ತಿ ಹೆಣ್ಣೂ ಅಲ್ಲ, ಪೂರ್ತಿ ಗಂಡೂ ಅಲ್ಲ' ಅನ್ನುವಂಥ ವ್ಯಾಖ್ಯಾನ ನೋಡಿ ಆ ಸಮುದಾಯದವರು ನೊಂದುಕೊಂಡು ಬೀದಿಗಿಳಿದರು, ಆಮೇಲೆ ಅದನ್ನು ಬದಲಾಯಿಸಬೇಕಾಯಿತು, ಕಾನೂನಾಗುವಷ್ಟರಲ್ಲಿ 2019 ಮುಗಿಯುತ್ತಾ ಬಂದಿತ್ತು. ಸದನ ಒಮ್ಮೆ ಒಪ್ಪಿದ್ದನ್ನೇ ಮುಂದಿಟ್ಟುಕೊಂಡು ತಿದ್ದಿದ್ದರೆ ಆಗುತ್ತಿತ್ತು, ಅಲ್ವಾ?

ಬೇರೆ ಕಡೆಯೂ ಹೀಗೇ. ಬ್ರಿಟನ್ನಿನಲ್ಲಿ 2022ರ ಜನವರಿಯಲ್ಲಿ, ಆಗ ವಿರೋಧ ಪಕ್ಷವಾಗಿದ್ದ ಲೇಬರ್ ಪಕ್ಷ, ತೈಲ ಮತ್ತು ಗ್ಯಾಸ್ ಕಂಪನಿಗಳ ಅತಿಲಾಭಕ್ಕೆ ಒಂದು ಸಲದ ತೆರಿಗೆ ಹಾಕಿ, ಆ ದುಡ್ಡಲ್ಲಿ ಮನೆಗಳ ಬಿಲ್ಲಿನ ಭಾರ ಇಳಿಸಿ ಅಂದಿತು. ಸರ್ಕಾರ ತಿಂಗಳುಗಟ್ಟಲೆ ಬೇಡ ಅಂದು, ಮೇ 26ಕ್ಕೆ ಬೇರೆ ಹೆಸರಿಟ್ಟು ಅಂಥದ್ದೇ ತೆರಿಗೆ ಹಾಕಿತು. ಹಾಕಿದ್ದು ಒಳ್ಳೆಯದೇ. ಆದರೆ ನಡುವಿನ ಆ ತಿಂಗಳುಗಳಲ್ಲಿ ಜನ ಬಿಲ್ ಕಟ್ಟುತ್ತಲೇ ಇದ್ದರು. ನನಗೆ ಸಂಕಟ ಆಗುವುದು ಇಲ್ಲೇ. ಸಲಹೆ ಯಾರದ್ದು ಅನ್ನುವ ಜಗಳದಲ್ಲಿ ಕಾಯುವವರು ನಾವು.

ನಮ್ಮಲ್ಲೂ ಒಳ್ಳೆಯದು ನಡೆದದ್ದಿದೆ. 1994ರಲ್ಲಿ ಪ್ರಧಾನಿ ನರಸಿಂಹ ರಾವ್ ಅವರು ಜಿನೀವಾದಲ್ಲಿ ನಡೆದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಭೆಗೆ ದೇಶದ ನಿಯೋಗ ಕಳಿಸುವಾಗ ಅದರ ಮುಂದಾಳತ್ವ ಕೊಟ್ಟಿದ್ದು ವಿರೋಧ ಪಕ್ಷದ ನಾಯಕರಾಗಿದ್ದ ವಾಜಪೇಯಿ ಅವರಿಗೆ. ಅದರಿಂದ ರಾವ್ ಅವರ ಮರ್ಯಾದೆ ಏನೂ ಕಡಿಮೆ ಆಗಲಿಲ್ಲ, ಇವತ್ತಿಗೂ ಜನ ಅದನ್ನು ನೆನೆಯುತ್ತಾರೆ.

ನಾನು ಕೇಳುವುದು ಜಾಸ್ತಿ ಏನಿಲ್ಲ. ಮುಂದಿನ ಅಧಿವೇಶನದಲ್ಲಿ ಶುಕ್ರವಾರ ಮಧ್ಯಾಹ್ನ, ಖಾಸಗಿ ಸದಸ್ಯರ ಮಸೂದೆಗಳ ಹೊತ್ತಿಗೆ, ಸುಮ್ನೆ ಎದ್ದು ಹೋಗಬೇಡಿ. ವಿರೋಧ ಪಕ್ಷದವರ ಒಂದು ಮಸೂದೆ ಪೂರ್ತಿ ಓದಿಕೊಂಡು ಬನ್ನಿ. ಸರಿ ಅನ್ನಿಸಿದ್ದನ್ನು ಅವರ ಹೆಸರು ಹೇಳಿಯೇ ಒಪ್ಪಿಕೊಳ್ಳಿ. ಸರಿ ಇಲ್ಲದಿದ್ದರೆ ಯಾಕೆ ಅಂತ ನಿಂತು ಹೇಳಿ, ನಾವು ಕೇಳುತ್ತೇವೆ.

ಇಂತಿ,
ನಿಮ್ಮ ಮತದಾರರಲ್ಲೊಬ್ಬರು