ಹಳೆಯ ಕಾರಿನ ಕೀ ಕಳೆದರೆ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕೀ ಕಳೆದುಹೋಯಿತೆಂದು ಇಗ್ನಿಷನ್ ಲಾಕ್ (ಕೀ ತಿರುಗಿಸಿ ಕಾರು ಚಾಲೂ ಮಾಡುವ ಬೀಗ) ಒಡೆಸಲು ದಯವಿಟ್ಟು ಯಾರೂ ಮುಂದಾಗಬೇಡಿ. ಮೂಲ ಲಾಕ್ ಒಮ್ಮೆ ಹಾಳಾದರೆ ಅಂಥದ್ದೇ ಇನ್ನೊಂದನ್ನು ಹುಡುಕುವಷ್ಟರಲ್ಲಿ ಸಾಕುಬೇಕಾಗುತ್ತದೆ.

ಮಾರಿಸ್ ಮೈನರ್, ಎಂಜಿಯಂಥ ಹಳೆಯ ಬ್ರಿಟಿಷ್ ಕಾರು ಇರುವವರು ಮೊದಲು ಇಗ್ನಿಷನ್ ಲಾಕಿನ ಮುಖವನ್ನು ಒರೆಸಿ, ಟಾರ್ಚ್ ಹಿಡಿದು ನೋಡಿ. ಅನೇಕ ಕಾರುಗಳಲ್ಲಿ ‘ಎಫ್‌ಎಸ್’ ಎಂಬ ಅಕ್ಷರಗಳೂ ಮೂರು ಅಂಕಿಗಳೂ ಅಲ್ಲೇ ಅಚ್ಚಾಗಿರುತ್ತವೆ. ಆ ಸಂಖ್ಯೆ ಹೇಳಿದರೆ ಇಂಗ್ಲೆಂಡಿನ ಬಿಡಿಭಾಗದ ವ್ಯಾಪಾರಿಗಳಿಂದ ಇಂದಿಗೂ ಕೀ ತರಿಸಬಹುದು. ಅದೇ ಕಾರಣಕ್ಕೆ ಲಾಕಿನ ಫೋಟೊವನ್ನು ಗುಂಪಿನಲ್ಲಿ ಹಾಕಬೇಡಿ.

ಸಂಖ್ಯೆ ಕಾಣದಿದ್ದರೆ ಲಾಕ್ ಬಿಚ್ಚಿಸಿ, ನುರಿತ ಕೀ ಕೆಲಸದವರ ಕೈಗೆ ಕೊಡಿ. ಒಳಗೆ ಸಾಲಾಗಿ ತೆಳುವಾದ ಹಿತ್ತಾಳೆ ಬಿಲ್ಲೆಗಳಿರುತ್ತವೆ. ಒಂದೊಂದಕ್ಕೂ ಕೂದಲೆಳೆಯಂಥ ಸ್ಪ್ರಿಂಗ್. ಬಿಚ್ಚುವಾಗ ಬಿಳಿ ಬಟ್ಟೆ ಹಾಸಲು ಹೇಳಿ, ಚಿಮ್ಮಿದ ಸ್ಪ್ರಿಂಗ್ ಸುಲಭವಾಗಿ ಸಿಗುವುದಿಲ್ಲ. ಬಿಲ್ಲೆಗಳ ಅಳತೆ ನೋಡಿಕೊಂಡು ಹೊಸ ಕೀ ಕೊರೆಯುತ್ತಾರೆ. ಕೀ ಕಳ್ಳರ ಪಾಲಾಗಿರುವ ಅನುಮಾನವಿದ್ದರೆ ಬಿಲ್ಲೆಗಳ ಜಾಗವನ್ನೇ ಅದಲುಬದಲು ಮಾಡಿಸಿ. ಹಳೆಯ ಕೀ ಆಮೇಲೆ ತಿರುಗುವುದಿಲ್ಲ, ಲಾಕ್ ಮಾತ್ರ ಮೂಲದ್ದೇ ಉಳಿಯುತ್ತದೆ. ನನ್ನ ಮಟ್ಟಿಗೆ ಇದೇ ಅತ್ಯುತ್ತಮ ದಾರಿ.

ಇನ್ನೊಂದು ಮಾತು: ಸವೆದ ಕೀಯ ನಕಲು ಮಾಡಿಸಿದರೆ ಸವಕಳಿಯೂ ನಕಲಾಗುತ್ತದೆ. ಸಂಖ್ಯೆಯಿಂದಲೋ ಬಿಲ್ಲೆಗಳಿಂದಲೋ ಕೊರೆಸಿದ್ದೇ ಸರಿ. ಲಾಕಿಗೆ ಎಣ್ಣೆ ಬಿಡಬೇಡಿ, ಧೂಳು ಅಂಟುತ್ತದೆ. ಗ್ರಾಫೈಟ್ ಪುಡಿ ಸಾಕು. ಕೀ ಮಾಡಿಸಲು ಹೋಗುವಾಗ ಕಾರಿನ ಆರ್‌ಸಿ ಜೊತೆಯಲ್ಲಿರಲಿ.

ನಂಬಿಕಸ್ಥ ಕೀ ಕೆಲಸದವರು ಗೊತ್ತಿದ್ದರೆ, ಅವರ ಒಪ್ಪಿಗೆ ಪಡೆದು, ಊರಿನ ಹೆಸರಿನೊಂದಿಗೆ ಇಲ್ಲಿ ತಿಳಿಸಿ.