ಕಾರಿನ ಫ್ರಿಜ್ ಜೊತೆ ಕನ್ನಡದಲ್ಲಿ ಒಂದು ಹಾಳೆ ಕೊಡಿ

ಸಂಪಾದಕರೇ,

ನಮ್ಮ ತೀರ್ಥಹಳ್ಳಿ ಕಡೆ ಈಗ ಡಿಕ್ಕಿಯಲ್ಲಿ ಬ್ಯಾಟರಿ ಫ್ರಿಜ್ ಇಟ್ಟುಕೊಂಡು ತಿರುಗುವವರು ಜಾಸ್ತಿ. ಮಲ್ಪೆಗೆ ಹೋಗಿ ಮೀನು ತರುವವರಿಗೆ ಥರ್ಮಾಕೋಲ್ ಪೆಟ್ಟಿಗೆ, ಕರಗಿದ ಐಸಿನ ನೀರು, ವಾರಗಟ್ಟಲೆ ಹೋಗದ ವಾಸನೆ ಎಲ್ಲ ಸಾಕಾಗಿರುತ್ತದೆ ಅಲ್ವಾ? ನಾನೂ ಒಂದು ತಗೊಂಡೆ. ಅಂಗಡಿಯವರು "ಪ್ಲಗ್ ಹಾಕಿ ಮರೆತುಬಿಡಿ ಸಾರ್" ಅಂದರು. ಮರೆತೆ, ಅದೇ ತಪ್ಪಾಯಿತು.

ಹೋದ ತಿಂಗಳು ಮಲ್ಪೆಯಲ್ಲಿ ಬಂಗುಡೆ, ಅಂಜಲ್ ತುಂಬಿಕೊಂಡು, ಫ್ರಿಜ್ ಸುತ್ತ ಹಾಸಿಗೆ, ಬ್ಯಾಗು, ಟೆಂಟು ಎಲ್ಲ ಒತ್ತರಿಸಿ, ಬಿಸಿಲಲ್ಲೇ ಕಾರು ಲಾಕ್ ಮಾಡಿ ಸಮುದ್ರಕ್ಕೆ ಹೋದೆವು. ಬಂದು ನೋಡಿದರೆ ಫ್ಯಾನು ಬೊಬ್ಬೆ ಹೊಡೀತಿದೆ, ಬ್ಯಾಟರಿ ಮುಟ್ಟಿದರೆ ಕೈ ಸುಡುತ್ತದೆ. ಫ್ರಿಜ್ಜಿನ ಪಕ್ಕದ ಜಾಲರಿಯಿಂದ ಬಿಸಿಗಾಳಿ ಹೊರಗೆ ಹೋಗಬೇಕು. ಆ ಜಾಲರಿಗೇ ಹಾಸಿಗೆ ಒತ್ತಿದ್ದೆವು. ಪಾಪ, ಕಂಪ್ರೆಸರ್ ನಿಲ್ಲದೆ ಓಡಿದೆ. ಸಂಜೆವರೆಗೆ ಬರಬೇಕಿದ್ದ ಚಾರ್ಜು ಮಧ್ಯಾಹ್ನಕ್ಕೇ ಖಾಲಿ. ಲಿಥಿಯಂ ಬ್ಯಾಟರಿಗೆ ಬಿಸಿ ಆಗಿಬರುವುದಿಲ್ಲ. ಮುಚ್ಚಿದ ಕಾರಿನಲ್ಲಿ ಇಡಬಾರದು, ಕಾದಿರುವಾಗ ಚಾರ್ಜಿಗೆ ಹಾಕಬಾರದು, ಉಬ್ಬಿದ್ದರೆ ಮತ್ತೆ ಬಳಸಲೇಬಾರದು.

ಘಾಟಿಯ 14 ತಿರುವು ಹತ್ತಿ (ಫ್ರಿಜ್ಜನ್ನು ಬೆಲ್ಟಿನಿಂದ ಕಟ್ಟಿದ್ದೆ, ಅದೊಂದು ಬುದ್ಧಿ ಇತ್ತು) ಆಗುಂಬೆ ಹತ್ತಿರ ಸ್ನೇಹಿತರ ತೋಟದಲ್ಲಿ ಟೆಂಟ್ ಹಾಕಿದೆವು. ಫ್ರಿಜ್ಜಿನ ಬ್ಯಾಟರಿಯಲ್ಲಿ ಚಾರ್ಜಿಲ್ಲವಲ್ಲ, ಅದರ ವಯರ್ ಕಾರಿನ ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚಿ ಮಲಗಿದೆ. ನಮ್ಮ ಕಾರಿನಲ್ಲಿ ಕೀ ತೆಗೆದರೂ ಆ ಸಾಕೆಟ್‌ಗೆ ಕರೆಂಟ್ ಬರುತ್ತದೆ. ಕಂಪ್ರೆಸರ್ ಓಡುವಾಗ ಸುಮಾರು 4 ಆಂಪಿಯರ್ ಎಳೆಯುತ್ತದೆ, ಅರ್ಧ ಹೊತ್ತು ಓಡಿದರೂ 10 ಗಂಟೆಗೆ 20 ಆಂಪಿಯರ್ ಅವರ್ ಆಯಿತು, ಸಣ್ಣ ಕಾರಿನ ಬ್ಯಾಟರಿಯಲ್ಲಿ ಇರುವುದೇ 35-40. ಬೆಳಿಗ್ಗೆ ಕೀ ತಿರುಗಿಸಿದರೆ ಟಿಕ್ ಟಿಕ್, ಅಷ್ಟೇ. ಅಡಿಕೆ ಸಾಗಿಸುವ ಪಿಕಪ್‌ನವರು ಬಂದು ಕೇಬಲ್ ಕೊಟ್ಟು ಸ್ಟಾರ್ಟ್ ಮಾಡಿಸಿದರು. ಫ್ರಿಜ್ಜಿನಲ್ಲಿ ಬ್ಯಾಟರಿ ರಕ್ಷಣೆಗೆ ಎಚ್, ಎಂ, ಎಲ್ (ಹೈ, ಮೀಡಿಯಂ, ಲೋ) ಅಂತ ಮೂರು ಹಂತ ಇರುತ್ತವೆ ಅಂತ ಆಮೇಲೆ ಗೊತ್ತಾಯಿತು. ಕಾರಿಗೆ ಹಾಕುವಾಗ ಎಚ್‌ನಲ್ಲಿರಬೇಕು, ಕಾರಿನ ಬ್ಯಾಟರಿ ತೀರಾ ಇಳಿಯುವ ಮೊದಲೇ ಫ್ರಿಜ್ ತಾನೇ ಆಫ್ ಆಗುತ್ತದೆ. ನಮ್ಮದು ಎಲ್‌ನಲ್ಲಿತ್ತು.

ಕಾರಿನದು ಹೋಗಲಿ. ಹೆಚ್ಚು ಬೇಜಾರಾಗಿದ್ದು ಅಮ್ಮನ ಇನ್ಸುಲಿನ್‌ನಿಂದ. ಮೀನಿಗೆಂದು ಮೈನಸ್ 2ಕ್ಕೆ ಇಟ್ಟಿದ್ದೆ, ಅದೇ ಪೆಟ್ಟಿಗೆಯ ತಳದಲ್ಲಿ ಬಾಟಲಿ. ಬೆಳಿಗ್ಗೆ ಒಳಗೆ ಐಸ್ ಕಟ್ಟಿದೆ! ಅದಕ್ಕೆ 2ರಿಂದ 8 ಡಿಗ್ರಿ ಬೇಕು, ಒಮ್ಮೆ ಹೆಪ್ಪುಗಟ್ಟಿದರೆ ಬಿಸಾಡುವುದೇ. ಅಮ್ಮ ಬಾಟಲಿಯನ್ನು ಅಂಗೈಯಲ್ಲಿ ಉಜ್ಜಿ, "ಕರಗಿತಲ್ಲೋ, ಚೆನ್ನಾಗೇ ಕಾಣ್ತದೆ" ಅಂದಳು. ಕಾಣುವುದು ಹಾಗೇ, ಕೆಲಸ ಮಾಡುತ್ತದೆ ಅನ್ನುವ ಭರವಸೆ ಇರುವುದಿಲ್ಲ. ಮೀನಿನ ಜೊತೆ ಔಷಧಿ ಇಡಲೇಬೇಡಿ.

ಕಡಿಮೆ ಬೆಲೆಗೆ ಸಿಗುವ, ಕಂಪ್ರೆಸರ್ ಇಲ್ಲದ ಪೆಟ್ಟಿಗೆಗಳ ಕಥೆ ಇನ್ನೊಂದು. ಹೊರಗಿನ ಶಾಖಕ್ಕಿಂತ 15-20 ಡಿಗ್ರಿ ಇಳಿಸುತ್ತವೆ ಅಷ್ಟೇ. ಹೊರಗೆ 35 ಇದ್ದರೆ ಒಳಗೆ 15 ಆದರೇ ಹೆಚ್ಚು, ಹಸಿ ಮೀನಿಗೆ ಅದು ಸಾಲದು.

ಇದನ್ನೆಲ್ಲ ಅಂಗಡಿಯವರಿಗೆ ಹೇಳಿದೆ. "ಪುಸ್ತಕದಲ್ಲಿ ಎಲ್ಲಾ ಬರೆದಿದೆ ಸಾರ್" ಅಂದರು. ಬರೆದಿದೆ, ನಿಜ. ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಇಷ್ಟು ದುಡ್ಡು ತಗೊಂಡು ಮಾರುವವರು ಒಂದು ಹಾಳೆ ಕನ್ನಡದಲ್ಲಿ ಅಚ್ಚು ಹಾಕಿಸಿ ಮುಚ್ಚಳದ ಒಳಗೆ ಅಂಟಿಸಿದರೆ ಏನು ಗಂಟು ಹೋಗುತ್ತದೆ?

– ಒಬ್ಬ ಓದುಗ, ತೀರ್ಥಹಳ್ಳಿ